ಹೂವೂ ಎಣ್ಣೆಬಣ್ಣವೂ

ಬೆಳಿಗ್ಗೆ ಅರಳಿದ ದಾಸವಾಳ ಸಂಜೆಗೆ ಮುದುಡುತ್ತದೆ. ಅದನ್ನು ಬರೆಯಲೆಂದು ಕ್ಯಾನ್ವಾಸಿಗೆ ಹಚ್ಚಿದ ಎಣ್ಣೆಬಣ್ಣವಾದರೋ ಒಣಗಲು ದಿನಗಟ್ಟಲೆ ಹಿಡಿಯುತ್ತದೆ. ಅದರಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗುವುದಿಲ್ಲ; ಗಾಳಿಯ ಆಮ್ಲಜನಕವನ್ನು ಹೀರಿ ಮೆಲ್ಲಮೆಲ್ಲನೆ ಗಟ್ಟಿಯಾಗಬೇಕು. ಹೂವಿಗೆ ಅವಸರ, ಬಣ್ಣಕ್ಕೆ ನಿಧಾನ. ಹೀಗಿರುವಾಗ, ಮುಟ್ಟಿ ನೋಡೋಣವೆನ್ನಿಸುವಷ್ಟು ನಿಜವಾದ ಹೂಗಳನ್ನು ಕಲಾವಿದರು ಬರೆದುದು ಹೇಗೆ?

ಈ ವಿದ್ಯೆಯಲ್ಲಿ ಹಾಲೆಂಡಿನವರದು ಎತ್ತಿದ ಕೈ. ಅವರಲ್ಲಿ ಯಾನ್ ವಾನ್ ಹೈಸಮ್ (1682–1749) ಎಂಬಾತನ ಒಂದು ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಹೆಸರಿನ ಜೊತೆಗೆ 1736, 1737 ಎಂದು ಎರಡು ವರ್ಷಗಳನ್ನು ಆತ ಅದರ ಮೇಲೆ ಕಾಣಿಸಿದ್ದಾನೆ. ಬೇರೆ ಬೇರೆ ಕಾಲದಲ್ಲಿ ಅರಳುವ ಹೂಗಳು ಅಲ್ಲಿ ಒಂದೇ ಕುಂಡದಲ್ಲಿವೆ. ಒಂದೊಂದು ಹೂವೂ ಅರಳುವವರೆಗೆ ಕಾದು, ಕಣ್ಣೆದುರಿಗಿಟ್ಟುಕೊಂಡು ಬರೆಯುವುದು ಅವನ ಪದ್ಧತಿ. ಹಳದಿ ಗುಲಾಬಿ ಸಿಗದೆ ಚಿತ್ರವೊಂದು ಮುಗಿಯದೆ ಉಳಿಯಿತೆಂದು 1742ರ ಪತ್ರವೊಂದರಲ್ಲಿ ತಿಳಿಸಿದ್ದಾನೆ. ಅಂಥ ಹೂಗೊಂಚಲು ಯಾವ ಮನೆಯ ಮೇಜಿನ ಮೇಲೂ ಎಂದೂ ಇದ್ದಿಲ್ಲ. ಆದರೆ ಅದರ ಪ್ರತಿ ಹೂವೂ ನಿಜ.

ಸಸ್ಯಶಾಸ್ತ್ರಜ್ಞನ ಮಗಳಾದ ರಾಕೆಲ್ ರೈಷ್ (1664–1750) ಹತ್ತು ಮಕ್ಕಳನ್ನು ಹೆತ್ತೂ ಕುಂಚ ಕೆಳಗಿಡಲಿಲ್ಲ. ಎಂಬತ್ತು ದಾಟಿದ ಮೇಲೂ ಹೂಗಳನ್ನು ಬರೆದಳು.

ಇನ್ನು ಕೆಲಸದ ಕ್ರಮ. ಮೊದಲು ಟರ್ಪೆಂಟೈನ್ ಬೆರೆಸಿದ ತೆಳು ಬಣ್ಣದಲ್ಲಿ ನೆರಳು ಬೆಳಕುಗಳನ್ನು ಗುರುತಿಸಬೇಕು. ಅದು ಆರಿದ ಮೇಲೆ ದಳಗಳ ಮೈ, ಕೊನೆಗೆ ಗಾಜಿನಂತೆ ಪಾರದರ್ಶಕವಾದ ತೆಳು ಲೇಪ. ಮೇಲಿನ ಪದರದಲ್ಲಿ ಎಣ್ಣೆ ಹೆಚ್ಚಿರಬೇಕು. ತಿರುಗುಮುರುಗಾದರೆ ಚಿತ್ರ ಬಿರುಕು ಬಿಡುತ್ತದೆ. ಬಿಳಿಯ ಹೂವೆಂದು ಬರಿಯ ಬಿಳಿಯನ್ನೇ ಬಳಿದರೆ ಕಾಗದದ ಹೂವಾದೀತು. ಅದರ ನೆರಳಿನಲ್ಲಿ ಬೂದಿಬಣ್ಣವಿದೆ, ಪಕ್ಕದ ಎಲೆಯ ಹಸುರಿದೆ. ಅಚ್ಚ ಬಿಳಿ ಬೆಳಕು ಬಿದ್ದ ಅಂಚಿನಲ್ಲಿ ಮಾತ್ರ.

ಇಷ್ಟಾದರೂ ಕಾಲ ಬಿಡುವುದಿಲ್ಲ. ಆ ಕಾಲದ ಕಲಾವಿದರು ನೀಲಿಯ ಮೇಲೆ ಸಸ್ಯಜನ್ಯ ಹಳದಿಯನ್ನು ಲೇಪಿಸಿ ಹಸುರನ್ನು ಬರಿಸುತ್ತಿದ್ದುದುಂಟು. ಬೆಳಕಿಗೆ ಆ ಹಳದಿ ಮಾಸಿ, ಕೆಲವು ಚಿತ್ರಗಳ ಎಲೆಗಳು ಇಂದು ನೀಲಿಯಾಗಿ ಕಾಣುತ್ತವೆ. ಬಾಡದ ಹೂವನ್ನು ಬರೆಯಹೊರಟವರ ಬಣ್ಣವೇ ಬಾಡಿತು! ಬಾಡದೆ ಉಳಿದುದು ಅವರು ನೋಡಿದ ನೋಟ.

ಆದ್ದರಿಂದ ಹೊಸದಾಗಿ ಕುಂಚ ಹಿಡಿಯುವವರು ಬುಟ್ಟಿ ತುಂಬ ಹೂ ತರಬೇಕಾಗಿಲ್ಲ. ಒಂದು ಹೂ, ಒಂದು ಕಿಟಕಿಯ ಬೆಳಕು ಸಾಕು. ಇಂದಿನದು ಬಾಡಿದರೆ ನಾಳೆ ಅದೇ ಗಿಡದಲ್ಲಿ ಇನ್ನೊಂದು ಅರಳೀತು. ಅವಸರಪಡದೆ ಅದನ್ನು ಮತ್ತೆ ನೋಡುವುದೇ ಈ ಕಲೆಯ ಮೊದಲ ಪಾಠ.