ಶುಶ್ರೂಷಾ ಶಾಲೆಯ ಹೊಸ್ತಿಲಲ್ಲಿ

(ಶತಮಾನೋತ್ಸವದ ಅಂಗವಾಗಿ ಜರುಗಿದ ಯುವಜನರ ಸಭೆಯಲ್ಲಿ ನಿವೃತ್ತ ದಾದಿಯೊಬ್ಬರು ಮಾಡಿದ ಭಾಷಣ)



ನಾನು ಹನುಮಸಾಗರದ ಮಗಳು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಮನೆಗಳ ನಡುವೆ ಬೆಳೆದವಳು. ಕುಷ್ಟಗಿ ತಾಲೂಕು ಇನ್ನೂ ರಾಯಚೂರು ಜಿಲ್ಲೆಗೆ ಸೇರಿದ್ದ ಕಾಲ ಅದು. ನರ್ಸಿಂಗ್ ಶಾಲೆಗೆ ಹಣ ಕಟ್ಟಲಾಗದೆ ಒಂದು ವರ್ಷ ಕಾಯಬೇಕಾಯಿತು. ಆ ವರ್ಷ ಪಟ್ಟಣದ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ದುಡಿದೆ. ಬೆಡ್‌ಪ್ಯಾನ್ ತೊಳೆದೆ, ಹಾಸಿಗೆ ಹಾಸಿದೆ, ರೋಗಿಗಳಿಗೆ ಗಂಜಿ ಕುಡಿಸಿದೆ. ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸದಿದ್ದರೆ ಬೆನ್ನು ಹುಣ್ಣಾಗುವುದೆಂಬ ಸತ್ಯವನ್ನು ಪುಸ್ತಕದಲ್ಲಿ ಓದುವ ಮೊದಲೇ ಒಬ್ಬ ಅಜ್ಜಿಯ ಮೈಮೇಲೆ ಕಂಡೆ.

ಆ ವರ್ಷ ವ್ಯರ್ಥವಾಗಲಿಲ್ಲ. ಸಾಲ ಮಾಡಿ ಶಾಲೆ ಸೇರಿ, ರಕ್ತ ಮಲಮೂತ್ರಗಳನ್ನು ಕಂಡು ಹೇಸಿ, ಅರ್ಧದಲ್ಲೇ ಊರಿಗೆ ಮರಳಿದ ಗೆಳತಿಯರನ್ನು ಬಲ್ಲೆ. ಈ ಕೆಲಸ ತಮಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ಅವರು ತಿಳಿಯುವ ಮೊದಲೇ ತಂದೆಯ ಹೊಲ ಒತ್ತೆ ಬಿದ್ದಿತ್ತು. ಆದುದರಿಂದ, ಕಾಯುವ ಕಾಲವನ್ನು ರೋಗಿಯ ಬಳಿಯಲ್ಲಿ ಕಳೆಯಿರಿ ಎಂಬುದು ನನ್ನ ಮೊದಲ ಮಾತು.

ದಾದಿಯರ ಪಾಲಕರಾದ ಸಂತ ಕಮಿಲ್ಲಸರ ಜೀವನವೂ ಇದನ್ನೇ ಸಾರುತ್ತದೆ. 1550ರಲ್ಲಿ ಜನಿಸಿದ ಅವರು ಕಾಲಿನ ಮಾಯದ ಗಾಯದೊಡನೆ ರೋಮಿನ ಸಂತ ಯಾಕೋಬರ ಆಸ್ಪತ್ರೆಗೆ ಬಂದು, ಅಲ್ಲೇ ಆಳಾಗಿ ದುಡಿದರು. ಜೂಜಿನ ಚಟದಿಂದ ಹೊರದೂಡಲ್ಪಟ್ಟರು. ಮನ ತಿರುಗಿ ಮತ್ತೆ ಬಂದು ಅದೇ ಆಸ್ಪತ್ರೆಯ ಮೇಲ್ವಿಚಾರಕರಾದರು. ಫ್ಲಾರೆನ್ಸ್ ನೈಟಿಂಗೇಲರೂ 1860ರಲ್ಲಿ ಲಂಡನ್ನಿನಲ್ಲಿ ಶುಶ್ರೂಷಾ ಶಾಲೆ ತೆರೆಯುವ ಮೊದಲು, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತಿನಲ್ಲಿ ಮೂರು ತಿಂಗಳು ರೋಗಿಗಳ ನಡುವೆ ಕಲಿತಿದ್ದರು.

ಇನ್ನು ಕೆಲಸ ದೊರೆಯುವುದೆಲ್ಲಿ? ಖಾಸಗಿ ಆಸ್ಪತ್ರೆಗಳಲ್ಲಿ ಆಯಾ, ವಾರ್ಡ್ ಬಾಯ್, ಚೀಟಿ ಬರೆಯುವ ಕೌಂಟರಿನ ಕೆಲಸಗಳುಂಟು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರಗುತ್ತಿಗೆಯ ಗ್ರೂಪ್ ಡಿ ಕೆಲಸಗಳುಂಟು. ವೃದ್ಧಾಶ್ರಮಗಳೂ ಸಹಾಯಕರನ್ನು ಬಯಸುತ್ತವೆ. ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸಿನ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿದ್ದರೆ ಅನುಕೂಲ. ಖುದ್ದಾಗಿ ಹೋಗಿ ಹಿರಿಯ ದಾದಿಯನ್ನು ಕಾಣಿರಿ.

ಆದರೆ ಸೇರುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಡಿ. ನನ್ನ ಮೇಲೆ ನಿಗಾ ಇಡುವವರು ಯಾರು? ಕೈಗವಸು ಕೊಡುವಿರಾ? ರಾತ್ರಿಪಾಳಿ ಎಷ್ಟು? ರಕ್ತದ ಸಂಪರ್ಕ ಬರುವ ಕೆಲಸವಾದರೆ ಕಾಮಾಲೆ ತರುವ ಹೆಪಟೈಟಿಸ್ ಬಿ ವಿರುದ್ಧದ ಚುಚ್ಚುಮದ್ದನ್ನು ಹಾಕಿಸಿಕೊಳ್ಳಿರಿ. ಮೊದಲನೆಯದು ಹಾಕಿದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅಂಕಪಟ್ಟಿಯ ಮೂಲ ಪ್ರತಿಯನ್ನು ಮಾಲೀಕರ ಕೈಗೆ ಎಂದೂ ಒಪ್ಪಿಸಬೇಡಿ. ಪ್ರವೇಶದ ದಿನ ಅದು ನಿಮ್ಮ ಕೈಯಲ್ಲಿರಬೇಕು. 371(ಜೆ) ವಿಧಿಯ ಅರ್ಹತಾ ಪತ್ರವನ್ನೂ ಈಗಲೇ ಮಾಡಿಸಿಡಿ. ನಮ್ಮ ಭಾಗದ ಮಕ್ಕಳಿಗೆ ಅದರಿಂದ ಮೀಸಲಾತಿ ಉಂಟು.

ಎರಡನೆಯ ಮಾತು ಇನ್ನೂ ಗಂಭೀರವಾದುದು. ಒಂದು ರಾತ್ರಿ ಕೆಲಸ ಹೆಚ್ಚಾಗಿದ್ದಾಗ, ಆಯಾ ಆಗಿದ್ದ ನನ್ನ ಕೈಗೇ ಇಂಜೆಕ್ಷನ್ ಕೊಟ್ಟು "ಹಾಕಿ ಬಾ" ಎಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಹಿರಿಯ ದಾದಿಯೊಬ್ಬರು ಬಾಗಿಲಲ್ಲೇ ತಡೆದು, "ತಂಗೀ, ಸೂಜಿ ಕೆಳಗಿಡು. ಕಲಿಯದ ಕೈಗೆ ಇದು ಸಲ್ಲೂದಿಲ್ಲ" ಎಂದರು. ಅಂದು ಅವಮಾನವೆನಿಸಿತು, ಔಷಧದ ಪ್ರಮಾಣ ತಪ್ಪಿದರೆ ಏನಾಗುವುದೆಂದು ಶಾಲೆಯಲ್ಲಿ ಕಲಿತ ದಿನ ಕಣ್ಣು ತುಂಬಿ ಬಂತು.

ಮಕ್ಕಳೇ, ಬಿಳಿ ಅಂಗಿ ತೊಡಿಸಿ "ಸಿಸ್ಟರ್" ಎಂದು ಕರೆದ ಮಾತ್ರಕ್ಕೆ ಯಾರೂ ದಾದಿಯರಾಗರು. ಹತ್ತು ವರ್ಷ ಹಾಗೆ ದುಡಿದವರೂ ರಾಜ್ಯದ ಶುಶ್ರೂಷಾ ಪರಿಷತ್ತಿನ ನೋಂದಣಿ ಪಡೆಯಲಾರರು. ಕಡಿಮೆ ಸಂಬಳದಲ್ಲೇ ಉಳಿದು, ತಪ್ಪಾದ ದಿನ ಹೊಣೆಯನ್ನು ಮಾತ್ರ ಹೊರುತ್ತಾರೆ. ಮಾನ್ಯತೆ ಪಡೆದ ಶಿಕ್ಷಣವೇ ದಾರಿ. ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಎ.ಎನ್.ಎಂ. ಶಿಕ್ಷಣಕ್ಕೆ ಕಲಾ ವಿಭಾಗದ ಪಿ.ಯು.ಸಿ. ಸಹ ಸಾಕು, ಬಿ.ಎಸ್ಸಿ.ಗೆ ಜೀವಶಾಸ್ತ್ರವಿರುವ ವಿಜ್ಞಾನ ವಿಭಾಗ ಬೇಕು. "ಆರು ತಿಂಗಳಲ್ಲಿ ನರ್ಸ್" ಎಂಬ ಜಾಹೀರಾತಿಗೆ ಮರುಳಾಗಬೇಡಿ.

ತಾಯಿತಂದೆಯರಲ್ಲಿ ಒಂದು ಬಿನ್ನಹ. ಮಗಳು ತಿಂಗಳಿಗೆ ನಾಲ್ಕು ಕಾಸು ತರಲಾರಂಭಿಸಿದ ಮೇಲೆ "ಇನ್ನು ಓದೇಕೆ?" ಎನ್ನಬೇಡಿ. ಆ ಹಣದಲ್ಲಿ ಸ್ವಲ್ಪವಾದರೂ ಅವಳ ಹೆಸರಿನಲ್ಲೇ ಕೂಡಿಡಿ. ನನ್ನ ಅವ್ವ ಹಾಗೆ ಕೂಡಿಟ್ಟ ಹಣದಿಂದಲೇ ನನ್ನ ಮೊದಲ ವರ್ಷದ ಶುಲ್ಕ ಸಂದಾಯವಾಯಿತು.

ಹೊಸ್ತಿಲು ಒಳಗೆ ಕಾಲಿಡುವುದಕ್ಕೆ, ಅಲ್ಲೇ ಕುಳಿತುಬಿಡುವುದಕ್ಕಲ್ಲ. ನಿಮ್ಮೆಲ್ಲರಿಗೂ ಶುಭವಾಗಲಿ.