ಶಿವಪ್ಪನಾಯಕನ ಅರಮನೆಯಲ್ಲಿ

ಸಂತೇಬೆನ್ನೂರಿನವರಾದ ನಾವು ಕೆಳದಿಯ ಅರಸರ ಮನೆಗೆ ಹೋಗುವಾಗ ತುಸು ತಲೆ ತಗ್ಗಿಸಿಯೇ ಹೋಗಬೇಕು. ಕಾರಣವಿಷ್ಟೆ. ನಮ್ಮೂರಿನ ಹೊಂಡವನ್ನೂ ಅದರ ನಡುವಣ ವಸಂತಮಂಟಪವನ್ನೂ ಕಟ್ಟಿಸಿದ ನಾಯಕರ ಮನೆತನದವನೇ ಆದ ಕೆಂಗನಾಯಕನು ಇಕ್ಕೇರಿಯ ವೀರಭದ್ರನಾಯಕನ ಮೇಲಣ ಹಗೆಯಿಂದ 1637ರಲ್ಲಿ ಬಿಜಾಪುರದ ಸರದಾರ ರಣದುಲ್ಲಾಖಾನನ ಜೊತೆಗೂಡಿದನು. ಇಕ್ಕೇರಿ ಸೂರೆಯಾಯಿತು. ಹೆಚ್ಚು ಕಾಲ ಕಳೆಯಲಿಲ್ಲ, ಅದೇ ದಂಡು ನಮ್ಮವರ ಮೇಲೆಯೇ ತಿರುಗಿತು. ಕಡೆಗೆ ನಮ್ಮ ನಾಯಕರು ತರೀಕೆರೆಯಲ್ಲಿ ನೆಲೆ ಹುಡುಕಿಕೊಳ್ಳಬೇಕಾಯಿತು. ಇದನ್ನು ನೆನೆಯುತ್ತಲೇ ನಾನು ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಚನ್ನಗಿರಿಯ ಮೇಲಿಂದ ಶಿವಮೊಗ್ಗೆಗೆ ಹೊರಟೆ.

ಶಿವಮೊಗ್ಗೆಯಲ್ಲಿ ತುಂಗೆಯ ದಡಕ್ಕೆ ಸಮೀಪವಾಗಿರುವ ಶಿವಪ್ಪನಾಯಕನ ಅರಮನೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಈಗ ಅದು ಸರ್ಕಾರದ ವಸ್ತುಸಂಗ್ರಹಾಲಯ. ಮೈಸೂರಿನ ಅರಮನೆಯನ್ನು ಕಣ್ಣಿನಲ್ಲಿಟ್ಟುಕೊಂಡು ಹೋದವರಿಗೆ ನಿರಾಶೆಯಾದೀತು. ಇಲ್ಲಿ ಚಿನ್ನವಿಲ್ಲ, ಕನ್ನಡಿಯಿಲ್ಲ, ಇರುವುದೆಲ್ಲ ಮರ. ನಡುವೆ ಎತ್ತರವಾದ ದರ್ಬಾರು ಹಜಾರ, ದಪ್ಪ ದಪ್ಪ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಬಳುಕಿದ ಕಮಾನುಗಳು. ಪಕ್ಕದ ಮಹಡಿಯಿಂದ ಹಜಾರವನ್ನು ಬಗ್ಗಿ ನೋಡುವ ಮೊಗಸಾಲೆಗಳು. ಹೊರಗಿನ ಅಂಗಳದಲ್ಲಿ ವೀರಗಲ್ಲುಗಳು, ಶಾಸನಗಳು, ಸುತ್ತಲ ಊರುಗಳಿಂದ ತಂದ ವಿಗ್ರಹಗಳು ಬಿಸಿಲು ಕಾಯಿಸುತ್ತ ನಿಂತಿವೆ.

ಎಲ್ಲವನ್ನೂ ತೋರಿಸಿ ಮುಗಿಸುವ ಹೊತ್ತಿಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಸಾರ್, ಇದರಲ್ಲಿ ಶಿವಪ್ಪನಾಯಕ ಮುಟ್ಟಿದ್ದು ಯಾವುದು?”

ನಾನು ಕಂಬದ ಕಡೆಗೆ ಕೈ ಎತ್ತಿದವನು ಹಾಗೆಯೇ ಇಳಿಸಿದೆ. ಏಕೆಂದರೆ ಈ ಕಟ್ಟಡವೇ ಹದಿನೆಂಟನೆಯ ಶತಮಾನದ್ದು, ಹೈದರಾಲಿಯ ಕಾಲದ್ದು ಎಂದು ಹೇಳುವ ವಿದ್ವಾಂಸರಿದ್ದಾರೆ. ಅದನ್ನು ಓದಿ ನನಗೆ ಕೆಲವು ವರ್ಷಗಳಾಗಿದ್ದುವು. ಆದರೂ ತರಗತಿಯಲ್ಲಿ ‘ಶಿವಪ್ಪನಾಯಕನು ಕಟ್ಟಿಸಿದ ಅರಮನೆ’ ಎಂದೇ ಪಾಠ ಹೇಳುತ್ತ ಬಂದಿದ್ದೆ. ಹೇಳಲು ಸುಲಭ, ಕೇಳಲು ಚೆನ್ನ.

ಹೆಸರೊಂದು, ಕಟ್ಟಿದವರೊಬ್ಬರು ಎಂಬುದು ನಮ್ಮಲ್ಲಿ ಮಾತ್ರ ಇರುವ ಸಂಗತಿಯಲ್ಲ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ‘ಡಚ್ಚರ ಅರಮನೆ’ ಎಂಬುದೊಂದುಂಟು. ಅದೂ ಈಗ ವಸ್ತುಸಂಗ್ರಹಾಲಯವೇ. ಹೆಸರು ಕೇಳಿ ಹಾಲೆಂಡಿನ ಚರಿತ್ರೆಯನ್ನು ನೋಡೋಣವೆಂದು ಒಳಹೊಕ್ಕರೆ ಕಾಣುವುದು ರಾಮಾಯಣದ ಗೋಡೆಚಿತ್ರಗಳು, ಕೊಚ್ಚಿಯ ರಾಜರ ಪಟಗಳು! ಸುಮಾರು 1555ರಲ್ಲಿ ಪೋರ್ಚುಗೀಸರು ಅದನ್ನು ಕಟ್ಟಿಸಿ ಅಲ್ಲಿಯ ರಾಜನಿಗೆ ಒಪ್ಪಿಸಿದರು. 1663ರಲ್ಲಿ ಕೊಚ್ಚಿಯನ್ನು ಹಿಡಿದ ಡಚ್ಚರು ದುರಸ್ತಿ ಮಾಡಿಸಿದರು. ಹೆಸರು ದುರಸ್ತಿ ಮಾಡಿಸಿದವರ ಪಾಲಾಯಿತು.

ಡಚ್ಚರ ಮಾತು ಸುಮ್ಮನೆ ತೆಗೆಯಲಿಲ್ಲ. ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಅವರಲ್ಲಿದೆ. 1645ರಿಂದ 1660ರ ವರೆಗೆ ಆಳಿದ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳಿಂದ ಪೋರ್ಚುಗೀಸರನ್ನು ಎಬ್ಬಿಸಿದನಷ್ಟೆ. ಆ ಬಂದರುಗಳ ಅಕ್ಕಿಗೆ ಡಚ್ಚರೂ ಕೈಯೊಡ್ಡಿ ನಿಂತರು. ಮೆಣಸು ಬೆಳೆವ ಮಲೆಯಾಳಕ್ಕೆ ಉಣ್ಣುವ ಅಕ್ಕಿ ಸಾಲದು. ಕೊಚ್ಚಿಯ ಕೋಟೆಗೂ ಸಿಂಹಳದ ಕೋಟೆಗಳಿಗೂ ಕನ್ನಡ ಜಿಲ್ಲೆಯ ಅಕ್ಕಿ ಹಡಗೇರಬೇಕು. ಆ ಕಂಪನಿಯವರು ಬರೆದಿಡುವುದರಲ್ಲಿ ಗಟ್ಟಿಗರು. ಅವರ ಕಾಗದಗಳು ಇಂದು ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. 2003ರಲ್ಲಿ ಯುನೆಸ್ಕೋ ಸಂಸ್ಥೆಯು ಅವನ್ನು ಜಗತ್ತಿನ ಸ್ಮೃತಿಸಂಪತ್ತಿನ ಪಟ್ಟಿಗೆ ಸೇರಿಸಿತು. ನಮ್ಮ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ನಾಯಕರ ಯುದ್ಧಗಳನ್ನೂ ದಾನಧರ್ಮಗಳನ್ನೂ ಹಾಡುತ್ತದೆ. ಅಕ್ಕಿಯ ವ್ಯಾಪಾರವನ್ನು ಕವಿ ಏಕೆ ಹಾಡಿಯಾನು? ಅದನ್ನು ತಿಳಿಯಬೇಕೆಂದವರು ಕಡಲಾಚೆಯ ಕಡತ ಬಿಡಿಸಬೇಕು. ನನಗೆ ಇದು ನೋವಿನ ವಿಷಯ.

ಮಿಕ್ಕ ಅರ್ಧ ಉತ್ತರ ನಮ್ಮ ಬಾಯಲ್ಲೇ ಇದೆ. ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತನ್ನು ಕೇಳಿದ್ದೀರಲ್ಲವೆ? ಅಂಗಿಯ ಗುಂಡಿ ಹಾಕದ ಹುಡುಗನಿಗೆ ಮೇಷ್ಟರು ಹೇಳುವ ಶಿಸ್ತಲ್ಲ ಅದು, ಗೊತ್ತುಮಾಡಿದ ಕಂದಾಯ. ಅವನು ನೆಲವನ್ನು ಐದು ತರಗತಿಗಳಾಗಿ ವಿಂಗಡಿಸಿ, ಒಂದೊಂದು ಬಗೆಯ ಹೊಲವನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು, ತಗಲಿದ್ದೆಷ್ಟು, ಬೆಳೆದದ್ದೆಷ್ಟು ಎಂದು ಲೆಕ್ಕವಿಡಿಸಿ, ಸರಾಸರಿ ತೆಗೆದು, ಹುಟ್ಟುವಳಿಯಲ್ಲಿ ಮೂರರಲ್ಲೊಂದು ಪಾಲನ್ನು ಅರಮನೆಗೆಂದು ನಿಲ್ಲಿಸಿದನೆಂದು ಹೇಳುತ್ತಾರೆ. ಮೂರರಲ್ಲೊಂದು ಹಗುರವೇನಲ್ಲ. ಆದರೆ ಕೇಳುವುದೆಷ್ಟು ಎಂಬುದು ರೈತನಿಗೆ ಮೊದಲೇ ತಿಳಿದಿರುತ್ತಿತ್ತು.

ಇದನ್ನೆಲ್ಲ ಅರಮನೆಯ ಮೆಟ್ಟಿಲ ಮೇಲೆ ಕುಳಿತು ಮಕ್ಕಳಿಗೆ ಹೇಳಿದೆ. ಹುಡುಗಿ ಬಿಡಲಿಲ್ಲ. “ಹಾಗಾದರೆ ಪರೀಕ್ಷೆಯಲ್ಲಿ ಏನೆಂದು ಬರೆಯಲಿ, ಸಾರ್?” ಎಂದಳು.

ಮರುದಿನ ನನ್ನ ಹಳೆಯ ಟಿಪ್ಪಣಿ ಪುಸ್ತಕ ತೆಗೆದು ‘ಕಟ್ಟಿಸಿದ’ ಎಂಬ ಮಾತನ್ನು ಹೊಡೆದುಹಾಕಿ, ‘ಶಿವಪ್ಪನಾಯಕನ ಹೆಸರಿನ ಅರಮನೆ’ ಎಂದು ತಿದ್ದಿದೆ. ಪಕ್ಕದಲ್ಲಿ ಕುಳಿತಿದ್ದ ಗಣಿತದ ಮೇಷ್ಟರು ಕಣ್ಣು ಹಾಯಿಸಿ, “ನಿವೃತ್ತಿಗೆ ಎರಡು ವರ್ಷವಿರುವಾಗ ಇದೇಕೆ ಸ್ವಾಮಿ?” ಎಂದು ನಕ್ಕರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಒಂಬತ್ತನೆಯ ತರಗತಿಗೇ ನನ್ನ ಪಾಠವಿತ್ತು.