ಗೆರೆ ಬಿಟ್ಟು ಮುಂದೆ ಬಂದ ಗೋಲ್‌ಕೀಪರ್



ರೇಡಿಯೋದಲ್ಲಿ ಫುಟ್‌ಬಾಲ್ ಕಾಮೆಂಟರಿ ಕೇಳಿದವರು ಒಂದು ವಿಷಯ ಗಮನಿಸಿರುತ್ತೀರಿ. ಗೋಲ್‌ಕೀಪರ್‌ನ ಹೆಸರು ಹೆಚ್ಚಾಗಿ ಕಿವಿಗೆ ಬೀಳುವುದು ಎರಡೇ ಸಂದರ್ಭದಲ್ಲಿ. ಆತ ಚಂಗನೆ ಹಾರಿ ಚೆಂಡು ತಡೆದಾಗ ಒಮ್ಮೆ, ತಡೆಯಲಾರದೆ ಹೋದಾಗ ಇನ್ನೊಮ್ಮೆ. ಹಾರದೆ, ಬೀಳದೆ, ಚೆಂಡು ಬರುವ ಜಾಗಕ್ಕೆ ಮೊದಲೇ ಹೋಗಿ ನಿಂತವನ ಬಗ್ಗೆ ನಮ್ಮಂಥ ಮೈಕಿನ ಮುಂದಿನವರಿಗೆ ಕೂಗಿ ಹೇಳಲು ಏನೂ ಇರುವುದಿಲ್ಲ! ಇವತ್ತು ಅಂಥ ಒಬ್ಬ ಆಟಗಾರನ ಕಥೆ ಕೇಳೋಣ.

ಹೆಸರು ಹೈನರ್ ಷ್ಟೂಲ್‌ಫೌಟ್. ನಾಲಿಗೆ ತೊಡರಿತೇ? ಪರವಾಗಿಲ್ಲ, ಎರಡು ಸಲ ಹೇಳಿದರೆ ರೂಢಿಯಾಗುತ್ತದೆ. ಹುಟ್ಟಿದ್ದು 1896ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, 1916ರಲ್ಲಿ, ತನ್ನೂರಿನ ಒಂದನೇ ಎಫ್.ಸಿ. ನ್ಯೂರೆಂಬರ್ಗ್ ತಂಡ ಸೇರಿದ. 1933ರವರೆಗೂ ಬೇರೆ ತಂಡದ ಕಡೆ ತಿರುಗಿ ನೋಡಲಿಲ್ಲ. ತಲೆಗೊಂದು ಟೋಪಿ, ಮೈಗೊಂದು ಬೂದು ಬಣ್ಣದ ಸ್ವೆಟರ್. ಇದೇ ಆತನ ಗುರುತು.

ಆತ ಮಾಡಿದ ಹೊಸತೇನು ಅಂತೀರಾ? 1912ರವರೆಗೆ ಗೋಲ್‌ಕೀಪರ್ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಿಂದ ಮುಟ್ಟಬಹುದಿತ್ತು. ಆಮೇಲೆ ಆ ಹಕ್ಕು ಪೆನಾಲ್ಟಿ ಚೌಕದೊಳಗೆ ಮಾತ್ರ ಉಳಿಯಿತು. ಕೈಗೆ ಬೇಲಿ ಹಾಕಿದರೆ ಕಾಲು ಇದೆಯಲ್ಲ? ಷ್ಟೂಲ್‌ಫೌಟ್ ಚೌಕ ದಾಟಿ ಓಡಿಬಂದು, ಎದುರಾಳಿಗೆ ಸಿಗುವ ಮೊದಲೇ ಚೆಂಡನ್ನು ಒದ್ದು ಕಳಿಸುತ್ತಿದ್ದ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗೆರೆಯ ಮೇಲೆ ನಿಂತ ಒಬ್ಬನಿಗೆ ಅಷ್ಟನ್ನೂ ಕಾಯುವುದು ಕಷ್ಟ. ನಾಲ್ಕು ಹೆಜ್ಜೆ ಮುಂದೆ ಬಂದರೆ, ಒದೆಯುವವನ ಕಣ್ಣಿಗೆ ಆ ಬಾಗಿಲೇ ಕಿರಿದಾಗುತ್ತದೆ. ಸರಿಯಾದ ಜಾಗದಲ್ಲಿ ನಿಂತವನಿಗೆ ನೆಲಕ್ಕೆ ಬೀಳುವ ಅಗತ್ಯವೇ ಬರುವುದಿಲ್ಲ ಎನ್ನುವುದು ಆತನ ನಂಬಿಕೆ. ಆದರೆ ಲೆಕ್ಕ ತಪ್ಪಿದರೆ ಹಿಂದೆ ಖಾಲಿ ಗೋಲು! ಧೈರ್ಯ ಬೇಕಾದದ್ದು ಅಲ್ಲಿ.

ಫಲ ಏನಾಯಿತು? ನ್ಯೂರೆಂಬರ್ಗ್ ತಂಡ 1920, 1921, 1924, 1925 ಮತ್ತು 1927ರಲ್ಲಿ ಜರ್ಮನಿಯ ಚಾಂಪಿಯನ್ ಆಯಿತು. ಗೆದ್ದ ಈ ಐದೂ ಫೈನಲ್‌ಗಳಲ್ಲಿ ಷ್ಟೂಲ್‌ಫೌಟ್ ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ.

ನಡುವೆ 1922ರದು ಒಂದು ವಿಚಿತ್ರ ಕಥೆ. ಬರ್ಲಿನ್‌ನಲ್ಲಿ ಹ್ಯಾಂಬರ್ಗ್ ತಂಡದ ಜೊತೆ ಫೈನಲ್. ಎರಡು-ಎರಡು ಗೋಲಿನ ಸಮ. ಆಟ 189 ನಿಮಿಷ ಎಳೆಯಿತು, ಕತ್ತಲಾಯಿತು, ತೀರ್ಮಾನ ಮಾತ್ರ ಆಗಲಿಲ್ಲ. ಏಳು ವಾರದ ನಂತರ ಲೈಪ್‌ಜಿಗ್‌ನಲ್ಲಿ ಮರುಪಂದ್ಯ. ಒಂದು-ಒಂದರ ಸಮದಲ್ಲೇ ಹೆಚ್ಚುವರಿ ಆಟ ಶುರುವಾಯಿತು. ಬದಲಿ ಆಟಗಾರರಿಲ್ಲದ ಕಾಲ. ನ್ಯೂರೆಂಬರ್ಗ್‌ನ ಇಬ್ಬರನ್ನು ರೆಫರಿ ಹೊರಗೆ ಕಳಿಸಿದ್ದರು, ಇಬ್ಬರು ಗಾಯಗೊಂಡರು. ಏಳೇ ಜನ ಉಳಿದಾಗ ಆಟ ನಿಂತಿತು. ಪ್ರಶಸ್ತಿ ಹ್ಯಾಂಬರ್ಗ್‌ಗೆ ಎಂದಾಯಿತು, ಕೊನೆಗೆ ಅವರೂ ಬಿಟ್ಟುಕೊಟ್ಟರು. ಆ ವರ್ಷ ಜರ್ಮನಿಗೆ ಚಾಂಪಿಯನ್ನೇ ಇಲ್ಲ!

ದೇಶಕ್ಕಾಗಿ ಆತ 1920ರಿಂದ 1930ರವರೆಗೆ 21 ಪಂದ್ಯ ಆಡಿದ. ಎಲ್ಲವೂ ಹೂವಿನ ಹಾಸಿಗೆಯೇನಲ್ಲ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಉರುಗ್ವೆ ನಾಲ್ಕು ಗೋಲು ಹೊಡೆದು ಜರ್ಮನಿಯನ್ನು ಮನೆಗೆ ಕಳಿಸಿತು. ಚಿನ್ನ ಗೆದ್ದದ್ದೂ ಅದೇ ಉರುಗ್ವೆ. ಮರುವರ್ಷ ಏಪ್ರಿಲ್‌ನಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಪಂದ್ಯ. ಎದುರಿಗೆ ಬಲಿಷ್ಠ ಇಟಲಿ, ಸುತ್ತ ಅವರದೇ ಜನ. ಜರ್ಮನಿ ಎರಡು-ಒಂದರಿಂದ ಗೆದ್ದಿತು. ಆ ಗೆಲುವಿನ ಮುಖ್ಯ ಪಾಲು ಗೋಲಿನಲ್ಲಿ ನಿಂತವನದು ಎಂದು ಜನ ಕೊಂಡಾಡಿದರು. ಆಗ ಆತನಿಗೆ 33 ವರ್ಷ.

ಆಟ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲೇ ಊಟ-ಪಾನೀಯದ ಒಂದು ಅಂಗಡಿ ನಡೆಸಿದ. ತೀರಿಕೊಂಡದ್ದು 1966ರಲ್ಲಿ, ಅದೇ ಊರಿನಲ್ಲಿ.

2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ವಿರುದ್ಧ ಜರ್ಮನಿಯ ಮ್ಯಾನುಯೆಲ್ ನಾಯರ್ ಮತ್ತೆ ಮತ್ತೆ ಚೌಕದಿಂದ ಹೊರಗೆ ನುಗ್ಗಿ ಬಂದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಇದೇನು ಹೊಸ ಆಟ ಎಂದು ಜಗತ್ತು ಬೆರಗಾಯಿತು. ಆ ದಾರಿಯಲ್ಲಿ ತೊಂಬತ್ತು ವರ್ಷ ಮೊದಲೇ ಟೋಪಿ ಹಾಕಿಕೊಂಡ ಒಬ್ಬ ಓಡಾಡಿದ್ದ.

ನಿಮ್ಮ ಲೋಕಲ್ ರೈಲು ಸರಿಯಾದ ಹೊತ್ತಿಗೆ ಬಂದ ದಿನ ಸಿಗ್ನಲ್ ನೋಡಿಕೊಂಡವರನ್ನು ಯಾರಾದರೂ ನೆನೆಯುತ್ತಾರೆಯೇ? ಇಲ್ಲ ಅಲ್ಲವೇ? ಐದು ಫೈನಲ್‌ಗಳಲ್ಲಿ ಎದುರಾಳಿಯ ಹೆಸರಿನ ಮುಂದೆ ಬಿದ್ದ ಸೊನ್ನೆಯೂ ಹಾಗೆಯೇ. ನೋಡಲು ಏನೂ ಆಗಿಲ್ಲ ಅನಿಸುತ್ತದೆ. ಆದರೆ ಆ ಸೊನ್ನೆಯ ಹಿಂದೆ ಒಬ್ಬ ಮನುಷ್ಯ ನಿಂತಿದ್ದ.